ನೋಂದಣಿಯ ಖರ್ಚು ಯಾವ ಲೆಕ್ಕಕ್ಕೆ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಕಟ್ಟಿದ ಮನೆ ಕೊಳ್ಳುವವರಿಗೂ ಸಲ್ಲುತ್ತದೆ. ಮಾರುವವರಿಗೆ ಕೊಡುವ ಬೆಲೆ ಒಂದು, ಉಪನೋಂದಣಿ ಕಚೇರಿಯಿಂದ ಹೊರಬರುವಷ್ಟರಲ್ಲಿ ಆಗುವ ಖರ್ಚು ಇನ್ನೊಂದು.

ನಿವೃತ್ತ ನೌಕರರೊಬ್ಬರು ಪಿಂಚಣಿಯ ಜೊತೆ ಬಾಡಿಗೆಯೂ ಬರಲೆಂದು ಮೈಸೂರಿನಲ್ಲಿ 60 ಲಕ್ಷ ರೂಪಾಯಿಗೆ ಮನೆ ಕೊಳ್ಳುತ್ತಾರೆ ಎನ್ನಿ. ಮುದ್ರಾಂಕ ಶುಲ್ಕ ಶೇ 5, ಅಂದರೆ 3 ಲಕ್ಷ. ಆ ಶುಲ್ಕದ ಮೇಲೆ ಶೇ 10ರ ಸೆಸ್ 30,000; ನಗರ ಪ್ರದೇಶದ ಶೇ 2ರ ಸರ್‌ಚಾರ್ಜ್ 6,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿರುವುದರಿಂದ 1,20,000. ಒಟ್ಟು 4,56,000 ರೂಪಾಯಿ. ವಕೀಲರು, ಪತ್ರ ಬರಹಗಾರರು, ದಲ್ಲಾಳಿಗಳ ಹಣ ಬೇರೆ.

ಬಾಡಿಗೆಗೆಂದೇ ಕೊಂಡ ಮನೆಯಲ್ಲವೇ, ಈ ಖರ್ಚನ್ನು ಬಾಡಿಗೆ ಆದಾಯದಲ್ಲಿ ಕಳೆಯಬಹುದು ಎಂದು ಹಲವರು ತಿಳಿದಿರುತ್ತಾರೆ. ಆದಾಯ ತೆರಿಗೆ ಕಾನೂನು ಅದಕ್ಕೆ ಒಪ್ಪುವುದಿಲ್ಲ. ಬಾಡಿಗೆಯಲ್ಲಿ ಕಳೆಯಲು ಸಿಗುವುದು ಮುಖ್ಯವಾಗಿ ಮೂರು: ಮಾಲೀಕರು ಆ ವರ್ಷ ಕಟ್ಟಿದ ಮನೆ ಕಂದಾಯ, ಅದನ್ನು ಕಳೆದು ಉಳಿದದ್ದರಲ್ಲಿ ಶೇ 30, ಮತ್ತು ಸಾಲದ ಬಡ್ಡಿ. ಸುಣ್ಣ ಬಣ್ಣ, ರಿಪೇರಿ, ಬಾಡಿಗೆದಾರರನ್ನು ಹುಡುಕಿಕೊಟ್ಟ ದಲ್ಲಾಳಿಯ ಹಣ ಎಲ್ಲವೂ ಆ ಶೇ 30ರೊಳಗೇ ಮುಗಿಯಬೇಕು. ತಿಂಗಳಿಗೆ 20,000ದಂತೆ ವರ್ಷದ ಬಾಡಿಗೆ 2,40,000, ಕಂದಾಯ 10,000 ಆದರೆ ಉಳಿಯುವುದು 2,30,000. ಅದರಲ್ಲಿ ಶೇ 30, ಅಂದರೆ 69,000 ಕಳೆದರೆ ಆದಾಯ 1,61,000. ಸಾಲವಿದ್ದರೆ ಬಡ್ಡಿಯನ್ನು ಇದರಲ್ಲಿ ಕಳೆಯಬೇಕು. ಸಾಲ ಕೊಡುವಾಗ ಬ್ಯಾಂಕು ಹಿಡಿಯುವ ಸೇವಾ ಶುಲ್ಕವೂ ಕಾನೂನಿನ ವ್ಯಾಖ್ಯೆಯಂತೆ ಬಡ್ಡಿಯೇ ಎಂಬುದನ್ನು ಮರೆಯಬಾರದು.

ಹಾಗಾದರೆ ಆ 4,56,000 ನೀರಿನಲ್ಲಿ ಹೋಮವೇ? ಅಲ್ಲ. ಅದು ಮನೆಯ ಬೆಲೆಗೆ ಸೇರಿಕೊಳ್ಳುತ್ತದೆ. ಮುಂದೆ ಮಾರುವಾಗ ಕೊಂಡ ಬೆಲೆ 60 ಲಕ್ಷವಲ್ಲ, 64,56,000 ಎಂದು ತೋರಿಸಬಹುದು. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದ ಮನೆಯ ಲಾಭಕ್ಕೆ 2024ರ ಜುಲೈ 23ರಿಂದ ಶೇ 12.5 ತೆರಿಗೆ. ಅಂದರೆ ಈ ರಸೀದಿಗಳು ಕಳೆದುಹೋದರೆ, ಲಾಭಕ್ಕೆ ಮಾರಿದ ಮಾಲೀಕರು 57,000 ರೂಪಾಯಿ, ಅದರ ಮೇಲಿನ ಸೆಸ್ ಸಹಿತ, ಸುಮ್ಮನೆ ಹೆಚ್ಚು ಕಟ್ಟಿದಂತೆ.

ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಇನ್ನೊಂದು ದಾರಿಯಿದೆ. ಮುದ್ರಾಂಕ ಮತ್ತು ನೋಂದಣಿ ಶುಲ್ಕವನ್ನು, ಕಟ್ಟಿದ ವರ್ಷದಲ್ಲೇ, ವಿಮೆ, ಭವಿಷ್ಯನಿಧಿಗಳ ಜೊತೆ ಸೇರಿಸಿ ಒಟ್ಟು ಒಂದೂವರೆ ಲಕ್ಷದ ಮಿತಿಯೊಳಗೆ ತೋರಿಸಬಹುದು. ಬಾಡಿಗೆಗೆ ಕೊಟ್ಟ ವಾಸದ ಮನೆಗೂ ಇದು ಸಲ್ಲುತ್ತದೆ. ಆದರೆ ಮನೆ ವಶಕ್ಕೆ ಬಂದ ಆರ್ಥಿಕ ವರ್ಷ ಮುಗಿದ ಮೇಲೆ ಐದು ವರ್ಷದೊಳಗೆ ಮಾರಿದರೆ, ಪಡೆದ ರಿಯಾಯಿತಿ ಮತ್ತೆ ಆದಾಯಕ್ಕೆ ಸೇರುತ್ತದೆ. ಹೊಸ ಪದ್ಧತಿಯಲ್ಲಿ ಈ ಸೌಲಭ್ಯವೇ ಇಲ್ಲ.

ಕೊಂಡವರೇ ಮಾರುತ್ತಾರೆ ಎಂಬ ಖಾತ್ರಿಯೂ ಇಲ್ಲ. ತಂದೆಯ ಮನೆ ಮಕ್ಕಳಿಗೆ ಬಂದು ಅವರು ಮಾರಿದಾಗ, ಕೊಂಡ ಬೆಲೆಯೆಂದು ಹಿಡಿಯುವುದು ತಂದೆ ಕೊಟ್ಟ ಬೆಲೆಯನ್ನೇ. ಆಗ ಶುಲ್ಕದ ಚಲನ್ ಎಲ್ಲಿದೆಯೆಂದು ಹೇಳಲು ತಂದೆ ಇರುವುದಿಲ್ಲ. ಕ್ರಯಪತ್ರವನ್ನು ಬೀರುವಿನಲ್ಲಿ ಭದ್ರವಾಗಿಟ್ಟು ರಸೀದಿಗಳನ್ನು ಹಳೆಯ ಪೇಪರಿನ ಜೊತೆ ರದ್ದಿಗೆ ಹಾಕುವ ಮನೆಗಳು ಬಹಳ. ಶುಲ್ಕದ ಚಲನ್, ವಕೀಲರ ರಸೀದಿ, ಬ್ಯಾಂಕಿನ ಪತ್ರ ಎಲ್ಲವನ್ನೂ ಕ್ರಯಪತ್ರದ ಜೊತೆಗೇ ಒಂದು ಕಡತದಲ್ಲಿಟ್ಟು, ಅದಿರುವ ಜಾಗವನ್ನು ಮನೆಯವರಿಗೆ ಇಂದೇ ತಿಳಿಸಿಡುವುದು ಜಾಣತನ.