‘ಬರೆದಾಯ್ತು’ ಅಂದರೆ ನಿಜವಾಗಿ ಬರೆದಾಯ್ತಾ?

ಹೋದ ತಿಂಗಳು ಒಂದು ಭಾನುವಾರ ಚಾಣಕ್ಯಪುರಿಯ ನಮ್ಮ ಮನೆಯಲ್ಲಿ ಕರೆಂಟು ಹೋಯಿತು. ರಾಯಭಾರ ಕಚೇರಿಗಳ ನೆರಳಲ್ಲಿ ಬದುಕುವ ನಮಗೆ ಕರೆಂಟು ಹೋಗುವುದೇ ಒಂದು ಸುದ್ದಿ. ಅದೂ ಯಾವಾಗ? ಊರಿನ ದೇವಸ್ಥಾನದ ಜೀರ್ಣೋದ್ಧಾರದ ಚಂದಾ ಲೆಕ್ಕವನ್ನು ಹಳೇ ಕಂಪ್ಯೂಟರಿನಲ್ಲಿ ಕುಟ್ಟಿ ಮುಗಿಸಿ, ಸೇವ್ ಒತ್ತಿ, ‘ಸೇವ್ ಆಗಿದೆ’ ಅಂತ ಅದರಿಂದ ಹೇಳಿಸಿಕೊಂಡ ಐದಾರು ಸೆಕೆಂಡಿಗೆ! ಕರೆಂಟು ಬಂದ ಮೇಲೆ ನೋಡಿದರೆ ಫೈಲಿನ ಹೆಸರಿದೆ, ಒಳಗೆ ಸೊನ್ನೆ ಬೈಟು.

“ಸುಳ್ಳು ಹೇಳ್ತಲ್ಲೇ ಇದು” ಅಂದೆ ಮಗಳಿಗೆ. ಅವಳು ಕಂಪ್ಯೂಟರ್ ಓದುವವಳು.

“ಸುಳ್ಳಲ್ಲ ಅಪ್ಪ. ಅದರ ಭಾಷೇಲಿ ಬರೆದಾಯ್ತು ಅಂದ್ರೆ ‘ತಗೊಂಡಿದೀನಿ, ಆಮೇಲೆ ಬರೀತೀನಿ’ ಅಂತ ಅಷ್ಟೇ” ಅಂದಳು.

ಬಿಕಾಂ ಮುಗಿಸಿ ಮೂವತ್ತು ವರ್ಷ ಬ್ಯಾಂಕಿನಲ್ಲಿ ಸವೆದವನಿಗೆ ಈ ಉತ್ತರ ಜೀರ್ಣವಾಗಲಿಲ್ಲ. ನಮ್ಮಲ್ಲಿ ಹಣ ಎಣಿಸದೆ ರಸೀದಿಗೆ ಮೊಹರು ಒತ್ತಿದ ಕ್ಯಾಷಿಯರ್ ಗತಿ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ನಾಲ್ಕಾರು ಸಂಜೆ ಅವಳ ಪಕ್ಕ ಕೂತು ಕೇಳಿ ತಿಳಿದುಕೊಂಡೆ. ತಿಳಿದದ್ದು ಇಷ್ಟು.

ಪ್ರೋಗ್ರಾಮು ‘ರೈಟ್’ ಅಂತ ಕೇಳಿದಾಗ ಲಿನಕ್ಸ್ ಆ ಅಕ್ಷರಗಳನ್ನು ಮೆಮೊರಿಯಲ್ಲಿರುವ ಪೇಜ್ ಕ್ಯಾಶ್ ಅನ್ನುವ ಜಾಗಕ್ಕೆ ನಕಲು ಮಾಡಿಕೊಂಡು ‘ಆಯ್ತು’ ಅನ್ನುತ್ತೆ. ಮಾಮೂಲಿ ಸೆಟ್ಟಿಂಗಿನಲ್ಲಿ ಒಳಗಿನ ಕೆಲಸಗಾರ 5 ಸೆಕೆಂಡಿಗೊಮ್ಮೆ ಎದ್ದು, 30 ಸೆಕೆಂಡಿಗಿಂತ ಹಳೆಯದಾದದ್ದನ್ನು ಡಿಸ್ಕಿಗೆ ಸಾಗಿಸುತ್ತಾನೆ. ಡಿಸ್ಕು ಮೆಮೊರಿಗಿಂತ ಬಹಳ ನಿಧಾನ, ಪ್ರತಿ ಸಲ ಕಾಯುತ್ತಾ ಕೂತರೆ ಕೆಲಸ ಸಾಗೋದಿಲ್ಲ. ‘ಈಗಲೇ ಬರೆ, ಬರೆದ ಮೇಲೇ ಹೇಳು’ ಅನ್ನುವುದಕ್ಕೆ ‘ಎಫ್‌ಸಿಂಕ್’ ಅಂತ ಬೇರೊಂದು ಕರೆ ಇದೆ. ಅದನ್ನು ಬಳಸುವುದು ಬಿಡುವುದು ಪ್ರೋಗ್ರಾಮು ಬರೆದವನ ಇಷ್ಟ!

ನನ್ನ ಸೊನ್ನೆ ಬೈಟಿನ ಕಥೆ ಹೊಸದೇನಲ್ಲ. 2009ರಲ್ಲಿ ಲಿನಕ್ಸಿನ ಎಕ್ಸ್‌ಟ್4 ಹೊಸದಾಗಿ ಬಂದಾಗ ಎಷ್ಟೋ ಜನರ ಫೈಲುಗಳು ಹೀಗೇ ಖಾಲಿಯಾಗಿದ್ದವು. ಅದನ್ನು ನೋಡಿಕೊಳ್ಳುತ್ತಿದ್ದ ಥಿಯೋಡರ್ ತ್ಸೋ ಅವರ ವಾದ, ಪ್ರೋಗ್ರಾಮಿನವರು ಎಫ್‌ಸಿಂಕ್ ಮಾಡಬೇಕಿತ್ತು ಅಂತ. ಬಳಕೆದಾರರ ವಾದ, ಹಳೆಯ ಎಕ್ಸ್‌ಟ್3ರಲ್ಲಿ ಈ ತಾಪತ್ರಯ ಇರಲಿಲ್ಲವಲ್ಲ ಅಂತ. ನಿಯಮದ ಪ್ರಕಾರ ತ್ಸೋ ಅವರದ್ದೇ ಸರಿ. ಆದರೂ ಕೊನೆಗೆ ಅವರೇ ಸಾಮಾನ್ಯ ಸಂದರ್ಭಗಳಿಗೆ ತೇಪೆ ಹಾಕಿಕೊಟ್ಟರು.

ಹಾಗಂತ ಸರಿಯಾಗಿ ಬರೆಯುವ ವಿದ್ಯೆ ಗೊತ್ತಿಲ್ಲ ಅಂತೇನಲ್ಲ. ಅಮೆರಿಕದ ಎಂಐಟಿಯವರು 2006ರಲ್ಲಿ ಪಾಠಕ್ಕೆಂದು ಎಕ್ಸ್‌ವಿ6 ಅನ್ನುವ ಪುಟ್ಟ ಆಪರೇಟಿಂಗ್ ಸಿಸ್ಟಂ ಮಾಡಿದರು. ಇಲ್ಲೇ ಹೌಜ್ ಖಾಸ್‌ನ ಐಐಟಿಯಲ್ಲೂ ಅದನ್ನು ಪಾಠಕ್ಕೆ ಬಳಸಿದ್ದಾರೆ. ಮಗಳು ಅದರ ಫೈಲ್ ಬರೆಯುವ ಭಾಗ ತೋರಿಸಿದಳು. ನನಗೆ ಹಳೇ ಸ್ನೇಹಿತನನ್ನು ಕಂಡ ಹಾಗಾಯ್ತು. ಅದು ಮೊದಲು ಎಲ್ಲ ಬದಲಾವಣೆಗಳನ್ನೂ ‘ಲಾಗ್’ ಅನ್ನುವ ಬೇರೆ ಜಾಗದಲ್ಲಿ ಬರೆಯುತ್ತೆ. ಆಮೇಲೆ ಲಾಗಿನ ತಲೆಪುಟದಲ್ಲಿ ‘ಇಷ್ಟು ಬ್ಲಾಕುಗಳಿವೆ’ ಅಂತ ನಮೂದಿಸುತ್ತೆ. ಅದಾದ ಮೇಲೇ ಆಯಾ ಸ್ಥಳಕ್ಕೆ ಬರೆಯುವುದು. ತಲೆಪುಟಕ್ಕೆ ಮುಂಚೆ ಕರೆಂಟು ಹೋದರೆ ಏನೂ ಆಗಿಲ್ಲ ಅಂತ ಲೆಕ್ಕ, ಆಮೇಲೆ ಹೋದರೆ ಲಾಗ್ ನೋಡಿ ಮುಗಿಸುತ್ತೆ. ಅರ್ಧಂಬರ್ಧ ಅನ್ನುವುದೇ ಇಲ್ಲ.

ಮೊದಲು ಜರ್ನಲ್, ಆಮೇಲೆ ಲೆಡ್ಜರ್! ನಾವು ಬಿಕಾಂ ಮೊದಲ ವರ್ಷದಲ್ಲಿ ಕಲಿತದ್ದು ಇದೇ ಅಲ್ಲವೇ? ಲಿನಕ್ಸಿನವರೂ ಇದನ್ನು ‘ಜರ್ನಲ್’ ಅಂತಲೇ ಕರೆಯುತ್ತಾರಂತೆ.

ಇನ್ನೊಂದು ಸೊಗಸು. ಆ ಲಾಗಿನಲ್ಲಿ ಒಂದು ಕೆಲಸಕ್ಕೆ ಸಿಗುವುದು 10 ಬ್ಲಾಕು ಮಾತ್ರ. ಐನೋಡಿಗೆ ಒಂದು, ಇಂಡೈರೆಕ್ಟ್ ಬ್ಲಾಕಿಗೆ ಒಂದು, ಅಂಚಿನಲ್ಲಿ ಹೆಚ್ಚುಕಮ್ಮಿಯಾದರೆ ಅಂತ ಎರಡು ತೆಗೆದಿಡುತ್ತೆ. ಉಳಿದದ್ದು ಆರು. ಒಂದೊಂದು ಹೊಸ ಬ್ಲಾಕಿಗೂ ‘ಜಾಗ ಹಿಡಿದಿದೆ’ ಅಂತ ಗುರುತು ಮಾಡಲು ಇನ್ನೊಂದು ಬೇಕಾಗಬಹುದು, ಹಾಗಾಗಿ ಸಿಗುವುದು ಮೂರು. ಬ್ಲಾಕಿಗೆ 1024 ಬೈಟು, ಅಂದರೆ ಒಂದು ಸಲಕ್ಕೆ 3072 ಬೈಟು. ಫೈಲು ಎಷ್ಟೇ ದೊಡ್ಡದಿರಲಿ, ಈ ಅಳತೆಯ ತುತ್ತು ಮಾಡಿಯೇ ಬರೆಯುತ್ತೆ. ಕೈಯಲ್ಲಿ ಎಷ್ಟಿದೆಯೋ ಅಷ್ಟಕ್ಕೇ ಮಾತು ಕೊಡುವ ಮರ್ಯಾದಸ್ಥ ಗುಮಾಸ್ತ.

ನಮ್ಮ ಬಡಾವಣೆಗೆ ಹೆಸರು ಕೊಟ್ಟ ಚಾಣಕ್ಯ ಇದನ್ನು ಮೆಚ್ಚುತ್ತಿದ್ದ. ಲೆಕ್ಕವನ್ನು ಕ್ರಮ ತಪ್ಪಿಸಿ, ಹಿಂದುಮುಂದಾಗಿ, ಅರ್ಥವಾಗದ ಹಾಗೆ ಅಥವಾ ಎರಡೆರಡು ಸಲ ಬರೆದವನಿಗೆ 12 ಪಣ ದಂಡ ಅಂತ ಅರ್ಥಶಾಸ್ತ್ರದಲ್ಲಿದೆ.

ಇಷ್ಟೆಲ್ಲಾ ಯಾಕೆ ಹೇಳುತ್ತಿದ್ದೇನೆಂದರೆ, 1994ರಲ್ಲಿ ನಾನಿದ್ದ ಒಂದು ಶಾಖೆಗೆ ಲೆಡ್ಜರ್ ಯಂತ್ರ ಹೊಸದಾಗಿ ಬಂದಿತ್ತು. ಒಬ್ಬ ವಿಧವೆ ಅಜ್ಜಿ ಮೂರು ಸಾವಿರ ಕಟ್ಟಿ ಪಾಸ್‌ಬುಕ್ಕಿನಲ್ಲಿ ಬರೆಸಿಕೊಂಡು ಹೋಗಿದ್ದರು. ಆ ಮಧ್ಯಾಹ್ನ ಕರೆಂಟು ಹೋಯಿತು, ಯಂತ್ರದಲ್ಲಿ ಆ ಮೂರು ಸಾವಿರವೇ ಇಲ್ಲ! ತಿಂಗಳಾದ ಮೇಲೆ ಆಕೆ ಹಣ ತೆಗೆಯಲು ಬಂದಾಗ ಕೌಂಟರಿನ ಹುಡುಗ “ಕಂಪ್ಯೂಟರ್‌ನಲ್ಲಿ ಇಲ್ಲ ಅಜ್ಜಿ” ಅಂದುಬಿಟ್ಟ. ಆಕೆ ಜಗಳವಾಡಲಿಲ್ಲ. ಪಾಸ್‌ಬುಕ್ಕನ್ನು ತಿರುಗಿಸಿ ತಿರುಗಿಸಿ ನೋಡುತ್ತಾ, ತನ್ನದೇ ತಪ್ಪೇನೋ ಅನ್ನುವ ಹಾಗೆ ನಿಂತಿದ್ದರು. ಆ ದಿನದ ವೋಚರ್ ಕಟ್ಟು ಬಿಚ್ಚಿ ಹುಡುಕಿ ಸರಿ ಮಾಡಿದೆವು. ಕಾಗದ ಇತ್ತು, ಮಾನ ಉಳಿಯಿತು. ಇವತ್ತು ಎಷ್ಟೋ ಕಡೆ ಆ ಕಾಗದವೇ ಇಲ್ಲ.

ಎಫ್‌ಸಿಂಕ್ ಮಾಡಿದರೂ ಅದರ ಉತ್ತರ ಕೇಳಿಸಿಕೊಳ್ಳಬೇಕು. 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸಿನವರಿಗೆ ಒಂದು ವಿಷಯ ಗೊತ್ತಾಗಿ ಬೆಚ್ಚಿದರು. ಲಿನಕ್ಸಿನಲ್ಲಿ ಬರೆಯುವುದು ವಿಫಲವಾದರೆ ಎಫ್‌ಸಿಂಕ್ ಒಮ್ಮೆ ‘ತಪ್ಪಾಗಿದೆ’ ಅನ್ನುತ್ತೆ, ಮತ್ತೆ ಕೇಳಿದರೆ ‘ಎಲ್ಲಾ ಸರಿ’ ಅನ್ನಬಹುದು. ಚೆಕ್ಕು ವಾಪಸ್ ಬಂದದ್ದನ್ನು ಒಮ್ಮೆ ಹೇಳಿ, ಎರಡನೇ ಸಲ ಕೇಳಿದರೆ “ಬಾಕಿ ಏನೂ ಇಲ್ಲ ಸಾರ್” ಅನ್ನುವ ಗುಮಾಸ್ತನ ಹಾಗೆ! ಈಗ ಪೋಸ್ಟ್‌ಗ್ರೆಸ್ ಅಂಥ ಉತ್ತರ ಬಂದ ಕೂಡಲೇ ಕೆಲಸ ನಿಲ್ಲಿಸಿ, ತನ್ನ ಲಾಗಿನಿಂದ ಮತ್ತೆ ಶುರು ಮಾಡುತ್ತೆ. ಅದು ಸರಿಯಾದ ಕ್ರಮ.

ನನ್ನ ಅಭಿಪ್ರಾಯ ಇಷ್ಟೇ. ಸಿನಿಮಾ ಹಾಡಿಗೆ ಎಫ್‌ಸಿಂಕ್ ಬೇಡ, ವೇಗವೇ ಇರಲಿ. ಆದರೆ ಜನರ ಹಣ, ಪಹಣಿ, ಅಂಕಪಟ್ಟಿ, ಆಸ್ಪತ್ರೆಯ ವರದಿ ಇವುಗಳನ್ನು ಬರೆಯುವ ಪ್ರೋಗ್ರಾಮು ಡಿಸ್ಕಿನ ಉತ್ತರ ಬರುವ ತನಕ ‘ಬರೆದಾಯ್ತು’ ಅನ್ನಬಾರದು. ಚೆಕ್ಕು ಕೊಟ್ಟವರಿಗೆ ನಾವು ‘ಚೆಕ್ಕು ತಗೊಂಡಿದ್ದೇವೆ’ ಅನ್ನುತ್ತೇವೆಯೇ ಹೊರತು ‘ಹಣ ಜಮೆಯಾಯಿತು’ ಅನ್ನುವುದಿಲ್ಲ. ಪರದೆಯ ಮೇಲೂ ‘ತಗೊಂಡಿದೆ’, ‘ಬರೆದಿದೆ’ ಅಂತ ಎರಡು ಮಾತು ಇದ್ದರೆ ಯಾರಿಗೇನು ನಷ್ಟ?

ದೇವಸ್ಥಾನದ ಲೆಕ್ಕ ಏನಾಯಿತು ಅಂದಿರಾ? ರಸೀದಿ ಪುಸ್ತಕ ಇತ್ತು, ಬಚಾವಾದೆ. ಮತ್ತೆ ಕೂತು ಮೊದಲಿನಿಂದ ಕುಟ್ಟಿದೆ.