ಮನೆಯ ಆಯುಧವೂ ಮನೆಯ ರಕ್ಷಣೆಯೂ

ಹುಬ್ಬಳ್ಳಿಯ ವಿದ್ಯಾನಗರವು ಹೆಸರಿಗೆ ತಕ್ಕ ಸ್ಥಳವಾಗಿರುತ್ತದೆ. ಕಾಲೇಜುಗಳೂ ವಿದ್ಯಾರ್ಥಿಗಳ ವಸತಿಗೃಹಗಳೂ ಅಧ್ಯಾಪಕರ, ವೈದ್ಯರ, ವಕೀಲರ ಮನೆಗಳೂ ಅಲ್ಲಿ ಒತ್ತಾಗಿ ನೆರೆದಿವೆ. ಇಂಥ ಸುಶಿಕ್ಷಿತ ಗೃಹಸ್ಥರ ಪಡಸಾಲೆಗಳಲ್ಲಿಯೂ ಈಚೆಗೆ ಒಂದು ಮಾತು ಮೇಲಿಂದ ಮೇಲೆ ಕೇಳಬರುತ್ತಿದೆ: ಕಾಲ ಕೆಟ್ಟಿದೆ, ಮನೆಯಲ್ಲೊಂದು ಆಯುಧವಿರುವದು ಲೇಸು. ಈ ಮಾತಿನ ಹಿಂದಿರುವ ಭಯವು ಸುಳ್ಳಲ್ಲ. ೨೦೨೪ನೆಯ ಇಸವಿಯ ಎಪ್ರಿಲ ತಿಂಗಳಲ್ಲಿ ಇದೇ ವಿದ್ಯಾನಗರದ ಕಾಲೇಜೊಂದರ ಆವಾರದಲ್ಲಿ ಹಾಡಹಗಲೇ ಒಬ್ಬ ವಿದ್ಯಾರ್ಥಿನಿಯು ಚಾಕುವಿನ ಇರಿತಕ್ಕೆ ಬಲಿಯಾದಳು. ಮರುತಿಂಗಳಲ್ಲಿಯೇ ಹುಬ್ಬಳ್ಳಿಯ ಇನ್ನೊಂದು ಓಣಿಯಲ್ಲಿ ಮತ್ತೊಬ್ಬ ತರುಣಿಯು ಬೆಳಗಿನ ಜಾವದಲ್ಲಿ ತನ್ನ ಮನೆಯೊಳಗೇ ಹತಳಾದಳು. ಹೆಣ್ಣುಮಕ್ಕಳುಳ್ಳ ತಂದೆತಾಯಿಗಳು ಇದನ್ನು ಕೇಳಿ ನಡುಗಿದರೆ ಅವರನ್ನು ಹೇಡಿಗಳೆಂದು ಯಾರು ಹಳಿಯಬಲ್ಲರು?

ಆದರೆ ಭಯವು ನಿಜವಾದ ಮಾತ್ರಕ್ಕೆ ಭಯಪಟ್ಟವನು ಹಿಡಿದ ಉಪಾಯವೂ ನಿಜವಾಗಲಾರದು. ಜ್ವರ ಬಂದುದು ನಿಜವೆಂದು ಸಿಕ್ಕಿದ ಬೇರನ್ನೆಲ್ಲ ಅರೆದು ಕುಡಿಯುವರೇ? ೨೦೨೨ರ ಡಿಸೆಂಬರದಲ್ಲಿ ಶಿವಮೊಗ್ಗೆಯ ಸಭೆಯೊಂದರಲ್ಲಿ ಪರಪ್ರಾಂತದಿಂದ ಬಂದ ಲೋಕಸಭಾ ಸದಸ್ಯೆಯೊಬ್ಬರು, ಮನೆಮನೆಗಳಲ್ಲಿ ಆಯುಧವಿರಲಿ, ಬೇರೇನೂ ಇಲ್ಲದಿದ್ದರೆ ಕಾಯಿಪಲ್ಲೆ ಹೆಚ್ಚುವ ಚಾಕುವಾದರೂ ಹರಿತವಾಗಿರಲಿ ಎಂಬರ್ಥದ ಉಪದೇಶವನ್ನು ಮಾಡಿದರು. ಆ ಮಾತಿಗಾಗಿ ಪೋಲೀಸರು ಮೊಕದ್ದಮೆಯನ್ನೂ ದಾಖಲಿಸಿದರು. ಮೊಕದ್ದಮೆಯ ಮಾತು ಹಾಗಿರಲಿ. ಆ ಉಪದೇಶವು ವಿಚಾರಕ್ಕೆ ನಿಲ್ಲುವದೇ ಎಂಬುದನ್ನು ಇಲ್ಲಿ ನೋಡತಕ್ಕದ್ದು.

ಆಯುಧಪಕ್ಷದವರ ವಾದಗಳು ಮೂರು. ಆತ್ಮರಕ್ಷಣೆಯ ಹಕ್ಕನ್ನು ಕಾಯಿದೆಯೇ ಕೊಟ್ಟಿರುವಾಗ ಅದರ ಸಾಧನವಾದ ಆಯುಧವನ್ನೂ ಕೊಟ್ಟಂತೆಯೇ ಆಯಿತೆಂಬುದು ಮೊದಲನೆಯದು. ಹತಿಯಾರವನ್ನು ಕೊಡಲೊಲ್ಲದೆ ಪ್ರಾಣವನ್ನೇ ಕೊಟ್ಟ ಹಲಗಲಿಯ ಬೇಡರ ನಾಡಿನವರು ನಾವೆಂಬುದು ಎರಡನೆಯದು. ಕೊಡಗಿನವರಿಗೆ ಪರವಾನಿಗೆಯಿಲ್ಲದೆ ಬಂದೂಕವಿರಬಹುದಾದರೆ ಉಳಿದವರಿಗೆ ಏಕೆ ಬೇಡವೆಂಬುದು ಮೂರನೆಯದು. ಪೂರ್ವಪಕ್ಷವನ್ನು ಕುಂದಿಸಿ ಹೇಳುವದು ನ್ಯಾಯವಲ್ಲ. ಮೂರೂ ವಾದಗಳಲ್ಲಿ ಅಷ್ಟಿಷ್ಟು ತಿರುಳಿದೆ.

ಮೊದಲನೆಯದನ್ನು ಪರೀಕ್ಷಿಸುವಾ. ೧೮೬೦ರ ದಂಡಸಂಹಿತೆಯ ೯೬ರಿಂದ ೧೦೬ರ ವರೆಗಿನ ಕಲಮುಗಳಲ್ಲಿದ್ದ ಆತ್ಮರಕ್ಷಣೆಯ ಹಕ್ಕು, ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ೩೪ರಿಂದ ೪೪ರ ವರೆಗಿನ ಕಲಮುಗಳಲ್ಲಿ ನೆಲೆಗೊಂಡಿದೆ. ತನ್ನ ದೇಹವನ್ನಷ್ಟೇ ಅಲ್ಲ, ಪರರ ದೇಹವನ್ನೂ ಸೊತ್ತನ್ನೂ ಕಾಪಾಡುವ ಹಕ್ಕು ಪ್ರತಿಯೊಬ್ಬನಿಗೂ ಉಂಟು. ಸೂರ್ಯಾಸ್ತದ ಮೇಲೆ ಕನ್ನ ಹಾಕಿ ಒಳನುಗ್ಗಿದವನನ್ನು ಎದುರಿಸುವಾಗ ಈ ಹಕ್ಕು ಅವನ ಮರಣದ ವರೆಗೂ ಚಾಚಬಹುದು. ಆದರೆ ಅದೇ ಸಂಹಿತೆಯ ೩೭ನೆಯ ಕಲಮು ಎರಡು ಕಟ್ಟುಗಳನ್ನು ಹಾಕಿದೆ: ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡಕೂಡದು; ಅಧಿಕಾರಿಗಳ ಆಶ್ರಯವನ್ನು ಪಡೆಯಲು ಸಮಯವಿದ್ದಲ್ಲಿ ಈ ಹಕ್ಕೇ ಹುಟ್ಟುವದಿಲ್ಲ.

ಇದು ಪಶ್ಚಿಮದಿಂದ ತಂದ ನೀತಿಯೆಂದು ಮೂಗು ಮುರಿಯುವವರು ತಮ್ಮ ನಾಡಿನ ಮಿತಾಕ್ಷರೆಯನ್ನಾದರೂ ತೆರೆದು ನೋಡಬೇಕು. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಆ ವ್ಯಾಖ್ಯಾನದಲ್ಲಿ ಆತತಾಯಿಯ ವಿಚಾರವು ಬಂದಿದೆ. ಬೆಂಕಿಯಿಡುವವನು, ವಿಷವಿಕ್ಕುವವನು, ಶಸ್ತ್ರವೆತ್ತಿ ಬರುವವನು ಮೊದಲಾದವರಿಗೆ ಆತತಾಯಿಗಳೆಂದು ಹೆಸರು. ಬ್ರಾಹ್ಮಣನೇ ಆತತಾಯಿಯಾಗಿ ಬಂದರೆ ಹೇಗೆಂಬ ಚರ್ಚೆಯಲ್ಲಿ, ಕೊಲ್ಲಬೇಕೆಂಬ ಇಚ್ಛೆಯಿಲ್ಲದೆ ತನ್ನನ್ನು ಉಳಿಸಿಕೊಳ್ಳಲು ತಡೆಯುವಾಗ ಅವನು ಪ್ರಮಾದದಿಂದ ಸತ್ತರೆ ರಾಜದಂಡವಿಲ್ಲ, ಪ್ರಾಯಶ್ಚಿತ್ತವೂ ಲಘುವೆಂದು ಆತನು ನಿರ್ಣಯಿಸಿದ್ದಾನೆ. ನಿವಾರಣೆ ಬೇರೆ, ವಧೆ ಬೇರೆ ಎಂಬ ಈ ವಿವೇಕವು ಕನ್ನಡ ನೆಲದಲ್ಲಿ ಒಂಬತ್ತು ನೂರು ವರ್ಷಗಳಷ್ಟು ಹಳೆಯದು. ದಿಂಬಿನ ಕೆಳಗೆ ಕತ್ತಿಯನ್ನಿಟ್ಟುಕೊಂಡು ಮಲಗುವವನು ನಿವಾರಣೆಯನ್ನು ನೆನೆಯುತ್ತಿರುವನೋ ವಧೆಯನ್ನೋ ಎಂಬುದನ್ನು ತನ್ನ ಮನಸ್ಸನ್ನೇ ಕೇಳಿಕೊಳ್ಳಲಿ.

ಇನ್ನು ಸಾಧನದ ಮಾತು. ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯು ಗೃಹಸ್ಥನನ್ನು ಬರಿಗೈಯಾಗಿ ಮಾಡಿಲ್ಲ. ಮನೆಗೆಲಸಕ್ಕೂ ಒಕ್ಕಲುತನಕ್ಕೂ ಎಂದೇ ಮಾಡಿದ ವಸ್ತುಗಳನ್ನೂ, ಬಡಿಗೆ ಊರುಗೋಲುಗಳನ್ನೂ ಅದು ಆಯುಧವೆಂದೇ ಎಣಿಸುವದಿಲ್ಲ. ಅಡಿಗೆಮನೆಯ ಈಳಿಗೆಗೂ ಹೊಲದ ಕುಡಗೋಲಿಗೂ ಯಾರೂ ಅಂಜಬೇಕಾಗಿಲ್ಲ. ಆದರೆ ಬಂದೂಕಕ್ಕೆ ಪರವಾನಿಗೆ ಬೇಕೇ ಬೇಕು, ಇಲ್ಲದಿದ್ದರೆ ಸೆರೆಮನೆ. ೨೦೧೯ರ ತಿದ್ದುಪಡಿಯಿಂದ ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕಗಳ ಸಂಖ್ಯೆಯು ಮೂರರಿಂದ ಎರಡಕ್ಕೆ ಇಳಿಯಿತು. ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲವಾದ ಅಲಗುಳ್ಳ ಕತ್ತಿ, ಕಠಾರಿ, ಭರ್ಚಿಗಳೂ ಆಯುಧಗಳ ಪಟ್ಟಿಯಲ್ಲಿವೆ. ಸರಕಾರವು ಪ್ರಕಟಣೆಯನ್ನು ಹೊರಡಿಸಿದ ಪ್ರದೇಶದಲ್ಲಿ ಅವನ್ನು ಮನೆಯಲ್ಲಿಡಲಿಕ್ಕೂ ಪರವಾನಿಗೆ ಬೇಕಾಗುತ್ತದೆ. ನಿಜವಾದ ಅಪಾಯವುಳ್ಳವನಿಗೆ ಕಾಯಿದೆಯು ಬಾಗಿಲನ್ನು ಮುಚ್ಚಿಲ್ಲ. ಅವನು ಅರ್ಜಿ ಕೊಡಲಿ, ಪೋಲೀಸರ ವಿಚಾರಣೆಗೆ ಒಳಪಡಲಿ. ಆದುದರಿಂದ ಹಕ್ಕು ಇದ್ದಲ್ಲಿ ಆಯುಧವೂ ತಾನಾಗಿ ಬಂತೆಂಬ ವಾದವು ಬಿದ್ದುಹೋಯಿತು. ಚಿಕಿತ್ಸೆಯ ಹಕ್ಕು ಎಲ್ಲರಿಗೂ ಇದೆಯೆಂದು ಎಲ್ಲರ ಮನೆಯಲ್ಲಿಯೂ ವಿಷೌಷಧದ ಭರಣಿಗಳನ್ನಿಡುವದುಂಟೇ?

ಎರಡನೆಯ ವಾದವು ಹೃದಯಕ್ಕೆ ತಾಗುವಂಥದು. ೧೮೫೭ರಲ್ಲಿ ಕಂಪನಿ ಸರಕಾರವು ಜನರ ಹತಿಯಾರಗಳನ್ನು ಕಸಿದುಕೊಳ್ಳುವ ಕಾಯಿದೆಯನ್ನು ಮಾಡಿದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆ ವರ್ಷದ ನವೆಂಬರದಲ್ಲಿ ತಿರುಗಿ ನಿಂತರು. ಸೈನ್ಯವು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರದಲ್ಲಿ ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಲಾಯಿತು. ಫ್ಲೀಟರು ಸಂಗ್ರಹಿಸಿದ ಲಾವಣಿಯ ಮೂಲಕ ಆ ಕಥೆಯು ಇಂದಿಗೂ ಜೀವಂತವಾಗಿದೆ. ಬೇಟೆಯೇ ಬದುಕಾದ ಜನರ ಕೈಯ ಆಯುಧವನ್ನು ಅವರನ್ನು ಕೇಳದೆಯೇ ಪರರಾಜ್ಯವು ಕಿತ್ತುಕೊಂಡಿತು, ಅನ್ಯಾಯವೆಂದರೆ ಅದು. ೧೮೭೮ರ ಶಸ್ತ್ರಗಳ ಕಾಯಿದೆಯಲ್ಲಿಯೂ ಬಿಳಿಯರಿಗೆ ವಿನಾಯಿತಿ, ಕರಿಯರಿಗೆ ನಿರ್ಬಂಧ. ಆ ಅಪಮಾನದ ನೆನಪಿನಿಂದಲೇ ೧೯೩೧ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳಲ್ಲಿ ನಿಯಮಾನುಸಾರವಾಗಿ ಶಸ್ತ್ರವನ್ನು ಹೊಂದುವ ಹಕ್ಕೂ ಸೇರಿತ್ತು. ೧೯೪೮ರ ಡಿಸೆಂಬರದಲ್ಲಿ ಸಂವಿಧಾನ ಸಭೆಯಲ್ಲಿ ಅದನ್ನು ಸಂವಿಧಾನದೊಳಗೆ ಸೇರಿಸಲು ತಿದ್ದುಪಡಿಯನ್ನು ತಂದವರು ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತರೇ. ಡಾಕ್ಟರ ಅಂಬೇಡಕರರು ಅದನ್ನು ಒಪ್ಪಲಿಲ್ಲ. ಸ್ವತಂತ್ರ ರಾಷ್ಟ್ರದಲ್ಲಿ ಶಸ್ತ್ರಧಾರಣೆಯು ವ್ಯಕ್ತಿಯ ಹಕ್ಕೆನ್ನುವದಕ್ಕಿಂತ ದೇಶಕ್ಕಾಗಿ ಮಾಡಬೇಕಾದ ಕರ್ತವ್ಯವೆಂಬುದು ಅವರ ಉತ್ತರದ ಸಾರ. ಸಭೆಯು ತಿದ್ದುಪಡಿಯನ್ನು ಕೈಬಿಟ್ಟಿತು. ಹಲಗಲಿಯವರನ್ನು ಯಾರೂ ಕೇಳಲಿಲ್ಲ. ನಮ್ಮನ್ನಾದರೋ ನಮ್ಮ ಪ್ರತಿನಿಧಿಗಳ ಮುಖದಿಂದ ಕೇಳಲಾಯಿತು. ಹೀಗಿರಲು ಹಲಗಲಿಯ ಹೆಸರಿನಿಂದ ೧೯೫೯ರ ಕಾಯಿದೆಯನ್ನು ಮುರಿಯುವದು ಆ ವೀರರಿಗೆ ಮಾಡುವ ಗೌರವವಲ್ಲ.

ಮೂರನೆಯದು ಕೊಡಗಿನ ದೃಷ್ಟಾಂತ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರಕಾರವು ೨೦೧೯ರಲ್ಲಿ ಮತ್ತೆ ಹತ್ತು ವರ್ಷ, ಎಂದರೆ ೨೦೨೯ರ ಅಕ್ಟೋಬರದ ವರೆಗೆ ಮುಂದುವರಿಸಿದೆ. ಕರ್ನಾಟಕ ಹೈಕೋರ್ಟು ೨೦೨೧ರಲ್ಲಿ ಅದನ್ನು ಎತ್ತಿಹಿಡಿದಿದೆ. ಆದರೆ ಆ ಬಂದೂಕವು ನೆರೆಮನೆಯವನ ಭಯದಿಂದ ನಿನ್ನೆ ಕೊಂಡು ತಂದುದಲ್ಲ. ಅದು ಕೈಲ್ ಮುಹೂರ್ತದ ದಿನ ಪೂಜೆಗೊಳ್ಳುತ್ತದೆ. ಹುಟ್ಟುಸಾವುಗಳಲ್ಲಿ ಅದಕ್ಕೆ ಸ್ಥಾನವಿದೆ. ಮನೆತನದ ಹಿರಿಯರ ಕಣ್ಣು ಅದರ ಮೇಲಿದೆ. ಆಚಾರದ ಕಟ್ಟಿನಲ್ಲಿರುವ ಆಯುಧವನ್ನು ತೋರಿಸಿ ಕಟ್ಟಿಲ್ಲದ ಆಯುಧವನ್ನು ಬೇಡುವದು ಹೋಲಿಕೆಯೇ ಅಲ್ಲ. ನವರಾತ್ರಿಯಲ್ಲಿ ಆಯುಧಪೂಜೆಯನ್ನು ಮಾಡುವ ಬಯಲುಸೀಮೆಯ ಮನೆಗಳಿಗೂ ಪೂಜೆ ಯಾವದು, ಪ್ರಹಾರ ಯಾವದು ಎಂಬುದು ತಿಳಿದೇ ಇದೆ.

ವಾದಗಳು ಮುಗಿದವು, ವ್ಯವಹಾರವನ್ನು ನೋಡಿರಿ. ಮನೆಯಲ್ಲಿಟ್ಟ ಆಯುಧವು ಕಳ್ಳನಿಗಾಗಿ ಕಾಯುತ್ತ ಕೂಡ್ರುವದಿಲ್ಲ. ವರ್ಷದ ಮುನ್ನೂರರವತ್ತೈದು ದಿನವೂ ಅದು ಮನೆಯವರ ನಡುವೆಯೇ ಇರುತ್ತದೆ: ಗಂಡಹೆಂಡಿರ ಜಗಳದಲ್ಲಿ, ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ, ಪರೀಕ್ಷೆಯಲ್ಲಿ ನಪಾಸಾದ ಮಗನ ಒಬ್ಬಂಟಿತನದಲ್ಲಿ, ಆಟದ ಸಾಮಾನೆಂದು ಎತ್ತಿಕೊಳ್ಳುವ ಕೂಸಿನ ಕೈಯಲ್ಲಿ. ನಡುರಾತ್ರಿಯ ಗಾಡಿಗೆ ಹೇಳದೆ ಬಂದಿಳಿದು ಹಿತ್ತಲ ಬಾಗಿಲನ್ನು ತಳ್ಳಿದವನು ಮಗನೋ ಕಳ್ಳನೋ ಎಂದು ಕತ್ತಲೆಯಲ್ಲಿ ನಿದ್ದೆಗಣ್ಣಿನ ಮುದುಕ ತಂದೆಯು ಹೇಗೆ ತಿಳಿಯಬೇಕು? ಬಡಿಗೆಯ ಪೆಟ್ಟಿಗೆ ಮದ್ದುಂಟು. ಗುಂಡಿನ ಪೆಟ್ಟಿಗೆ ಪಶ್ಚಾತ್ತಾಪವೊಂದೇ ಗತಿ.

ಮತ್ತೆ ೨೦೨೪ರ ಆ ಎರಡು ಕೊಲೆಗಳ ಕಡೆಗೆ ಬರುವಾ. ಎರಡರಲ್ಲಿಯೂ ಆರೋಪಿಯು ಅಪರಿಚಿತನಲ್ಲ, ಮೊದಲೇ ಬೆನ್ನು ಹತ್ತಿ ಕಾಡಿದವನೆಂದು ಹೇಳಲಾಯಿತು. ಎರಡನೆಯ ಪ್ರಕರಣದಲ್ಲಂತೂ ಮನೆಯವರು ಮುಂಚೆಯೇ ಮೊರೆಯಿಟ್ಟಿದ್ದರೂ ಪೋಲೀಸರು ಲಕ್ಷ್ಯಗೊಡಲಿಲ್ಲವೆಂಬ ಆರೋಪವೆದ್ದು, ಅಧಿಕಾರಿಗಳು ಅಮಾನತಾದರು. ನಿದ್ದೆಯ ಹೊತ್ತಿನಲ್ಲಿ ಬಾಗಿಲಿಗೆ ಬಂದ ಕೊಲೆಗಾರನಿಗೆ ಗೂಟಕ್ಕೆ ತೂಗುಹಾಕಿದ ಕತ್ತಿಯು ಯಾವ ತಡೆಯಾದೀತು? ಮೊದಲ ದಿನದ ಮೊರೆಯನ್ನು ಕೇಳುವ ಕಿವಿಯೊಂದಿದ್ದರೆ ತಡೆಯಾಗುತ್ತಿತ್ತು. ಹರಿತವಾಗಬೇಕಾದುದು ಆ ಕಿವಿ. ಮನೆಮನೆಗೆ ಆಯುಧವನ್ನು ಬೋಧಿಸುವವರು ಈ ಹೊಣೆಯಿಂದ ಸರಕಾರವನ್ನು ಬಿಡುಗಡೆ ಮಾಡುತ್ತಿದ್ದಾರೆ. ಪ್ರಜೆಯು ತನ್ನನ್ನು ತಾನೇ ಕಾದುಕೊಳ್ಳುವನಾದರೆ ಠಾಣೆಯವರಿಗೆ ಅದಕ್ಕಿಂತ ಸುಖವಾವುದು?

ಆದುದರಿಂದ ವಿದ್ಯಾನಗರದ ಗೃಹಸ್ಥರು ಕೈಗೊಳ್ಳಬೇಕಾದುದು ಬೇರೆ ಕೆಲಸ. ಹುಡುಗಿಯು ಒಬ್ಬನ ಕಾಟವನ್ನು ಹೇಳಿಕೊಂಡರೆ, ಮಾನ ಹೋಗುವದೆಂದು ಅವಳ ಬಾಯಿಯನ್ನು ಮುಚ್ಚಿಸದಿರಲಿ. ಅವಳ ಸಂಗಡ ಹಿರಿಯರು ನಾಲ್ವರು ಠಾಣೆಗೆ ನಡೆದು, ದೂರನ್ನು ಬರವಣಿಗೆಯಲ್ಲಿ ಕೊಟ್ಟು, ಅದರ ಪ್ರತಿಯನ್ನು ಪಡೆದು ಬರಲಿ. ವಾರ ಕಳೆದ ಮೇಲೆ ಏನಾಯಿತೆಂದು ಮತ್ತೆ ಹೋಗಿ ಕೇಳಲಿ. ಓಣಿಯ ದೀಪಗಳು ಉರಿಯುವವೋ ಎಂದು ನೋಡಲಿ. ನೆರೆಮನೆಯಲ್ಲಿ ಕೂಗು ಕೇಳಿದರೆ ಕದವನ್ನು ಭದ್ರಪಡಿಸಿಕೊಂಡು ಕೂಡ್ರದೆ ಹೊರಬಿದ್ದು, ೧೧೨ಕ್ಕೆ ದೂರವಾಣಿ ಮಾಡಿ, ಹತ್ತು ಜನರನ್ನು ಕೂಡಿಸಲಿ. ಇಷ್ಟನ್ನು ಮಾಡಲಾರದವನು ಕತ್ತಿಯನ್ನು ಕೊಂಡರೂ ಭಯಸ್ಥನೇ. ಇಷ್ಟನ್ನು ಮಾಡುವವನ ಮನೆಗೆ ಅದರ ಅವಶ್ಯಕತೆಯೇ ಬೀಳದು.