ಕೂಸಿನ ಜೋಡಿ ಕನ್ನಡದಾಗ ಮಾತಾಡ್ರಿ

ಕರಜಗಿ ಭಾಗದ ಕೆಲವು ಮನಿಯೊಳಗ ಹೊಸ ರೂಢಿ ಬಂದದ. ಗಂಡ-ಹೆಂಡತಿ ತಮ್ಮೊಳಗ ಕನ್ನಡ, ಮೂರು ವರ್ಷದ ಕೂಸಿನ ಜೋಡಿ ಮಾತ್ರ 'ಇಕಡೆ ಯೇ, ದೂಧ ಪೀ'. ಕೇಳಿದ್ರ 'ಮುಂದ ಸಾಲ್ಯಾಗ ತ್ರಾಸ ಆಗಬಾರದಲ್ರಿ' ಅಂತಾರ.

ಈ ಅಂಜಿಕೆ ಸುಳ್ಳಲ್ಲ. ತಹಸೀಲ ಕಚೇರಿ, ನೌಕರಿ ಎಲ್ಲಾ ಮರಾಠಿ. ಆದರೆ ಮರಾಠಿ ಅಕ್ಕಲಕೋಟ ಬಜಾರದಾಗ, ಎಸ್‌ಟಿ ಬಸ್ಸಿನಾಗ, ಟಿವಿಯಾಗ ತಾನಾಗೇ ಬರ್ತದ. ಕನ್ನಡ ಶಾಲೆಯಲ್ಲೂ ಮರಾಠಿ ಕಲಿಸ್ತಾರ.

ನಮ್ಮಲ್ಲಿ ಆಯಿ ಅಂದ್ರ ಅಜ್ಜಿ, ಮರಾಠಿಯೊಳಗ ಅವ್ವ. ಈಗ ಕೂಸು ಅವ್ವಗ ಆಯಿ ಅಂತದ. ಮನಿಯೊಳಗಿನ ಖರೇ ಆಯಿ ಕಥಿ ಹೇಳಾಕ ಕುಂತ್ರ ಅದಕ್ಕ ತಿಳಿಯೂದಿಲ್ಲ. ಆ ಮುದುಕಿಗೆ ಎಷ್ಟು ಸಂಕಟ ಆಗಬೇಡ!

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸೌಲಭ್ಯ ಕೊಡಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೇ ಹೇಳುತ್ತಿದೆ. ಅದನ್ನ ಹಿಡಿದು ಕನ್ನಡ ಶಿಕ್ಷಕರು ಬೇಕು ಅಂತ ಮನವಿ ಕೊಡ್ತೀವಿ, ಕೊಡಲೇಬೇಕು. ಆದರೆ ಒಂದನೇ ಇಯತ್ತೆಗೆ ಕನ್ನಡ ಬರೋ ಕೂಸೇ ಇಲ್ಲಂದ್ರ ಯಾರ ಸಲುವಾಗಿ ಕೇಳೂದು?

ಜೂನ್‌ದಾಗ ಶಾಲೆ ಚಾಲೂ ಆಗ್ತಾವ. ಅದಕ್ಕಿಂತ ಮೊದಲ ನಮ್ಮ ಕಾರ್ಯಕರ್ತರು ಅಂಗನವಾಡಿ ಕೂಸುಗಳ ಮನಿಗೆ ಹೋಗಿ, ಅವ್ವ-ಅಪ್ಪನ ಜೋಡಿ ಕುಂತು ಮಾತಾಡಬೇಕು.